ದುಬೆಯವರ ಮದುವೆಯ ಶಮಾಮ

ಜನವರಿ 23, ಬೆಳಗ್ಗೆ 10.40. ಕನೌಜ್ ಠಾಣೆಗೆ ರಾಮ್‌ಔತಾರ್ ದುಬೆ ದೂರು ತಂದರು. ಮೊನ್ನೆ ಸಂಜೆ ಮಗಳು ರಾಗಿಣಿಯ ಮದುವೆಯಲ್ಲಿ ಹಚ್ಚಿದ ಶಮಾಮ ಅತ್ತರಿನಿಂದ ಹನ್ನೊಂದು ಮಂದಿಗೆ ಬೊಬ್ಬೆ ಎದ್ದಿತ್ತು. ಮದುಮಗಳು ಅತ್ತರು ಹಚ್ಚಿದ ಕೈಯಲ್ಲೇ ಬಲಗಣ್ಣು ಉಜ್ಜಿಕೊಂಡಿದ್ದಳು. ಏನು ಬೆರೆತಿದೆಯೆಂದು ತಿಳಿಯದೆ ವೈದ್ಯರು ಔಷಧ ಹಾಕಲು ಅಂಜುತ್ತಿದ್ದರು.

ಇನ್‌ಸ್ಪೆಕ್ಟರ್ ರಾಜವೀರ್ ಕಟಿಯಾರ್ ಎಫ್‌ಐಆರ್ ದಾಖಲಿಸಿ, ತನ್ನ ಕಿವಿಯ ಮಡಿಕೆಯಲ್ಲಿದ್ದ ಅತ್ತರಿನ ಹತ್ತಿಯನ್ನು ಕಿತ್ತೆಸೆದ. ಮಾಘದ ಚಳಿಗೆ ಊರಿನ ಗಂಡಸರೆಲ್ಲ ಹಚ್ಚುವುದು ಆ ಕಪ್ಪು, ಗಾಢ ಶಮಾಮವನ್ನೇ.

11.30. ಮದುವೆಗೆ ಅತ್ತರು ಕೊಟ್ಟ ಭಟ್ಟಿಯ ಮಾಲೀಕ ಬ್ರಿಜ್‌ಮೋಹನ್ ಲಾಲಾನ ಕಿವಿಯೂ ಊದಿ ಕೀವು ಸೋರುತ್ತಿತ್ತು.

“ಯಾರು ಹಚ್ಚಿದ್ದು?” ಕಟಿಯಾರ್ ಕೇಳಿದ.

“ನಮ್ಮ ಗಯಾದೀನ್. ಮೊದಲ ಹತ್ತಿ ನನಗೇ ಇಟ್ಟ.”

ಮೂವತ್ತು ವರ್ಷದಿಂದ ಭಟ್ಟಿ ಇಳಿಸುವ ಗಯಾದೀನ್ ಒಲೆಯ ಪಕ್ಕ ಕೂತಿದ್ದ. ಕಿವಿಯಲ್ಲಿ ಹತ್ತಿಯಿತ್ತು, ಬೊಬ್ಬೆಯಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಬೇಚೇಲಾಲ್ ಬಗ್ಗಿ ಮೂಸಿದ.

“ಸಾಹೇಬ್ರೆ, ಲಾವಂಚ.”

“ಹಲ್ಲು ಕಟಕಟ ಅನ್ನೋ ಚಳೀಲಿ ಬೇಸಿಗೆ ಅತ್ತರಾ? ತಲೆ ನೆಟ್ಟಗಿದೆಯೇನಪ್ಪಾ?” ಎಂದ ಕಟಿಯಾರ್.

ಹಾಗೆನ್ನುತ್ತಲೇ ಅವನಿಗೆ ಹೊಳೆಯಿತು: ಗಯಾದೀನನಿಗೆ ಶಮಾಮ ಮುಟ್ಟಲು ಭಯ. ಕಿವಿ ಖಾಲಿ ಬಿಟ್ಟು ಓಡಾಡುವುದು ಅವನಿಗೆ ಗೊತ್ತೇ ಇರಲಿಲ್ಲ.

“ಏನು ಬೆರೆಸಿದೆ? ಬೇಗ ಬೊಗಳು, ಅಲ್ಲಿ ಕಣ್ಣು ಹೋಗ್ತಿದೆ.”

“ಕರಿಗೇರಿನ ಎಣ್ಣೆ.”

ಅಗಸರು ಬಟ್ಟೆಗೆ ಗುರುತು ಹಾಕುವ, ಚರ್ಮ ಸುಡುವ ಎಣ್ಣೆ. ಕಟಿಯಾರ್ ಮೊದಲು ಆಸ್ಪತ್ರೆಗೆ ಫೋನ್ ಮಾಡಿದ. ಆಮೇಲೆ ಪಂಚನಾಮೆ ನಡೆಯಿತು. ಸೌದೆಯಡಿ ಸಿಕ್ಕ ಶೀಶೆಗೆ ಮೊಹರು ಬಿತ್ತು.

“ಆ ಹುಡುಗಿ ನಿನಗೇನು ಮಾಡಿದ್ಲು?”

“ಏನಿಲ್ಲ. ‘ಕಾಕಾ, ನಂಗೂ ಹಚ್ಚಿ’ ಅಂತ ಕೈ ಒಡ್ಡಿದ್ಲು.”

“ಆಗ್ಲೂ ಕೈ ನಡುಗಲಿಲ್ವಾ?”

“ಮೂವತ್ತು ವರ್ಷ ಪಳಗಿದ ಕೈ, ಸಾಹೇಬ್ರೆ.”

ಆ ಮಾತಿನಲ್ಲಿ ಹೆಮ್ಮೆಯಿತ್ತು. ಕಟಿಯಾರ್‌ಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು.

ಮಧ್ಯಾಹ್ನ 3.15ಕ್ಕೆ ಬಂಧನ. ಹೇಳಿಕೆಯಲ್ಲಿ ಗಯಾದೀನ್ ಕಾರಣ ಬರೆಸಿದ: ಮದುವೆಗೆ ಹೋದ ಶೀಶೆಗಳ ಮೇಲೆ ‘ಲಾಲಾ ಬ್ರಿಜ್‌ಮೋಹನ್ ಸ್ವಂತ ಕೈಯಿಂದ ಇಳಿಸಿದ್ದು’ ಎಂದು ಅಚ್ಚಾಗಿತ್ತು. ಲಾಲಾ ಒಂದು ದಿನವೂ ಒಲೆಗೆ ಸೌದೆ ಇಟ್ಟವನಲ್ಲ. ಅತ್ತರು ಕೆಟ್ಟರೆ ಆ ಹೆಸರೂ ಕೆಡಲಿ ಎಂಬುದಷ್ಟೇ ಗಯಾದೀನನ ಲೆಕ್ಕಾಚಾರ.

ನಾಲ್ಕಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು. ರಾಗಿಣಿಯ ಕಣ್ಣು ಉಳಿದಿರಲಿಲ್ಲ.

ಕಟಿಯಾರ್ ಅದನ್ನು ಗಯಾದೀನನಿಗೆ ಹೇಳಿ ಬಂಧನ ಪತ್ರವನ್ನು ಮುಂದೆ ತಳ್ಳಿದ. “ಹೆಸರು ಬೇಕಿತ್ತಲ್ಲ? ತಗೋ. ನಿಂದು, ನಿಮ್ಮಪ್ಪಂದು, ಊರು ಸಮೇತ ಬರೆದಿದೀನಿ. ರುಜು ಹಾಕು.”

ಗಯಾದೀನ್ ಹೆಸರನ್ನು ಎರಡು ಸಲ ಓದಿದ. ಪೆನ್ನು ಹಿಡಿದಾಗ ಅವನ ಕೈ ನಡುಗುತ್ತಿತ್ತು.