ಜೋಮು ಹಿಡಿದ ಹೆಜ್ಜೆ

"ನಿಮ್ಮ ಬಲಗಾಲಿನ ಚಪ್ಪಲಿ ಎಲ್ಲಿ?"

ಸಿರಿಂಜು ಹಿಡಿದ ನಾಗಶ್ರೀಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು.

ಎದುರಿಗೆ ಕೂತಿದ್ದ ಯುವಕ ಬಗ್ಗಿ ನೋಡಿಕೊಂಡ. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದು! ಹಿಮ್ಮಡಿಗೆ ಗಾಜಿನ ಚೂರು ಹೊಕ್ಕಿತ್ತು. ಬಾಗಿಲಿನಿಂದ ಕುರ್ಚಿಯವರೆಗೆ ಬಿಳಿ ಟೈಲ್ಸಿನ ಮೇಲೆ ಕೆಂಪು ಚುಕ್ಕೆಗಳು...

"ಅಯ್ಯೋ! ಎಲ್ಲಿ ಬಿತ್ತೇನ... ಗೊತ್ತೇ ಆಗ್ಲಿಲ್ಲ!" ಎಂದು ನಕ್ಕ.

ನಾಗಶ್ರೀ ನಗಲಿಲ್ಲ.

ಅವಳನ್ನು ಹೆತ್ತ ಆಯಿಯೂ ಹೀಗೇ ಒಂದು ಚಪ್ಪಲಿ ಕಳೆದುಕೊಂಡು ಅಂಗಳಕ್ಕೆ ಬಂದು ನಿಂತಿದ್ದಳು. ಹೀಗೇ ನಕ್ಕಿದ್ದಳು!

ಕಾರವಾರದ ಹಬ್ಬುವಾಡದಲ್ಲಿದ್ದ ಆ ಸಣ್ಣ ಲ್ಯಾಬಿನಲ್ಲಿ ನಾಗಶ್ರೀ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಬಂದವನು ಶಿವಾನಂದ. ಅಂಕೋಲೆ ಹತ್ತಿರದ ಬೊಬ್ರುವಾಡದವನು, ರಿಕ್ಷಾ ಓಡಿಸುತ್ತಿದ್ದ. ಸುಸ್ತೆಂದು ಹೋದಾಗ ಡಾಕ್ಟರು ರಕ್ತ ಪರೀಕ್ಷೆಗೆ ಇಲ್ಲಿಗೆ ಕಳಿಸಿದ್ದರು.

ಗಾಜು ತೆಗೆದು ಗಾಯ ಕಟ್ಟುತ್ತಾ ಅವಳು ಕೇಳಿದಳು. "ಹಾಲು, ಮೀನು ಎಲ್ಲಾ ತಿಂತ್ರ್ಯಾ?"

"ಇಲ್ಲ. ನಾಲ್ಕು ವರ್ಷ ಆಯ್ತು. ಹೆದ್ದಾರೀಲಿ ಯಾರೋ ಬಿಟ್ಟು ಹೋದ ಹೋರಿಕರು ನನ್ನ ತೊಡೆ ಮೇಲೇ ಜೀವ ಬಿಡ್ತು. ಹಾಲು ಕೊಡೂದಿಲ್ಲ ಅಂತ ಬಿಟ್ಟದ್ದು... ಅವತ್ತಿಂದ ನಂಗೆ ಹಾಲೂ ಇಳೀಲಿಲ್ಲ, ಮೀನೂ ಇಳೀಲಿಲ್ಲ. ಹಬ್ಬಕ್ಕೆ ತಂಗಿ ಹಟ ಮಾಡಿ ಹೋಳಿಗೆಗೆ ತುಪ್ಪ ಹಚ್ಚಿದ್ರೆ ಅಷ್ಟೇ."

"ಬಿ12 ಗುಳಿಗೆ?"

"ಅದೆಂತಕ್ಕೆ? ಸೊಪ್ಪು, ಕಾಳು ಎಲ್ಲಾ ತಿಂತೆ ಅಲಾ!"

"ಅದು ಸೊಪ್ಪಲ್ಲಿ ಸಿಗೂದಿಲ್ಲ. ಅದು ಇಲ್ದಿದ್ರೆ ಕಾಲು ಜೋಮು ಹಿಡೀತದೆ." ಅವಳು ಅವನ ಪಾದ ಒತ್ತಿ ನೋಡಿದಳು. "ಬ್ರೇಕು ಒತ್ತಿದ್ದು ಕಾಲಿಗೆ ಗೊತ್ತಾಗ್ತದ್ಯಾ?"

ಅವನ ನಗು ಆರಿಹೋಯಿತು.

"ಒಂದೊಂದ್ಸಲ... ಬಗ್ಗಿ ನೋಡ್ತೆ."

ನಾಗಶ್ರೀ ಅಂಗೈ ಚಾಚಿದಳು. "ಚಾವಿ ಕೊಡಿ."

"ಹಾಂ?!"

"ರಿಕ್ಷಾದ ಚಾವಿ! ಡಾಕ್ಟ್ರು ಹೇಳೂವರೆಗೆ ನೀವು ಓಡಿಸೂದಿಲ್ಲ!"

ಯಾಕೋ ಕೊಟ್ಟುಬಿಟ್ಟ. ಆ ಕಣ್ಣುಗಳಲ್ಲಿದ್ದ ಭಯ ತನಗಾಗಿಯೇ ಎಂದು ಅವನಿಗೆ ಅನ್ನಿಸಿತ್ತು...

ರಿಪೋರ್ಟು ಬಂತು. ಬಿ12 ಇರಬೇಕಾದ್ದರ ಅರ್ಧವೂ ಇರಲಿಲ್ಲ. ಕಬ್ಬಿಣದ ಅಂಶವೂ ಕಡಿಮೆ. ಡಾಕ್ಟರು ಇಂಜೆಕ್ಷನ್ ಬರೆದರು. ಶಿವಾನಂದ ಹಿಂಜರಿದ.

"ಪ್ರಾಣಿ ಮೈಯಿಂದ ತೆಗೆದದ್ದಾದ್ರೆ ನಂಗೆ ಬ್ಯಾಡ."

ಎಲ್ಲರೂ ಅವನಿಗೆ ಹಾಲು ಕುಡಿ ಎಂದಿದ್ದರು. ನಾಗಶ್ರೀ ಮಾತ್ರ ಹಾಗೆನ್ನಲಿಲ್ಲ.

"ಇದು ಬ್ಯಾಕ್ಟೀರಿಯಾದಿಂದ ತಯಾರಾಗೂದು. ಯಾವ ಕರುವಿನ ಪಾಲೂ ಅಲ್ಲ. ನೀವು ನಿಮ್ಮ ಹಟಾನೂ ಬಿಡೂದು ಬ್ಯಾಡ, ಜೀವಾನೂ ಬಿಡೂದು ಬ್ಯಾಡ."

ಶಿವಾನಂದ ಅವಳನ್ನು ನೋಡುತ್ತಲೇ ತೋಳು ಮುಂದೆ ಮಾಡಿದ.

ಆಮೇಲೆ ಪ್ರತಿ ಭಾನುವಾರ ಅವಳು ಬಸ್ಸು ಹತ್ತಿ ಬೊಬ್ರುವಾಡಕ್ಕೆ ಹೋಗತೊಡಗಿದಳು. ಡಬ್ಬಿಯಲ್ಲಿ ಎಳ್ಳಿನ ಚಟ್ನಿ ಇರುತ್ತಿತ್ತು. ಹರಿವೆ ಸೊಪ್ಪಿಗೆ ಲಿಂಬೆ ಹಿಂಡಿಸುತ್ತಿದ್ದಳು. ಊಟವಾದ ಕೂಡಲೇ ಅವನು ಕಪ್ಪು ಚಹಾದ ಲೋಟ ಎತ್ತಿದರೆ ಕಸಿದುಕೊಳ್ಳುತ್ತಿದ್ದಳು. "ತಿಂದ ಕಬ್ಬಿಣ ಎಲ್ಲಾ ಚಹಾಕ್ಕೇ ಹೋಗ್ತದೆ!"

"ನಮ್ಮಣ್ಣಂಗೆ ಈಗ ಭಾನುವಾರ ಬೆಳಿಗ್ಗೆ ಮಾತ್ರ ಗಡ್ಡ ತೆಗೂದು ನೆನಪಾಗ್ತದೆ," ಎಂದು ತಂಗಿ ಜಯಶ್ರೀ ಕಾಡಿದರೆ ಇಬ್ಬರೂ ಕೆಂಪಾಗುತ್ತಿದ್ದರು.

ಆದರೆ ಲ್ಯಾಬಿನ ಮಧ್ಯಾಹ್ನಗಳಲ್ಲಿ, ಯಂತ್ರ ನಿಂತು ಮೌನವಾದಾಗ, ನಾಗಶ್ರೀಯ ಬೆನ್ನ ಹಿಂದೆ ಸದ್ದು ಬರುತ್ತಿತ್ತು.

ಸರ್... ಸರ್...

ಕಾಲು ಎಳೆದುಕೊಂಡು ನಡೆಯುವ ಸದ್ದು. ತಿರುಗಿದರೆ ಯಾರೂ ಇಲ್ಲ!

ಮೊದಲೇ ಮೀನು ಮುಟ್ಟದ ಆಯಿ ಪರಮೇಶ್ವರಿ, ಮಗಳ ಜ್ವರ ಇಳಿಯಲೆಂದು ಹರಕೆ ಹೊತ್ತು ಹಾಲು, ಮೊಸರು, ತುಪ್ಪ ಬಿಟ್ಟವಳು. ಮಗಳು ಬದುಕಿದಳು. ವರ್ಷಗಳು ಕಳೆದು ಆಯಿಯ ಪಾದ ಜೋಮು ಹಿಡಿಯಿತು, ಕಾಲು ಎಳೆದು ನಡೆಯತೊಡಗಿದಳು. ಇಲ್ಲದವರ ಜೊತೆ ಮಾತಾಡತೊಡಗಿದಳು. ಗಾಳಿ ಸೋಕಿದೆ ಎಂದು ನೆಂಟರು ದಾರ ಕಟ್ಟಿಸಿದರು. ರಕ್ತ ಪರೀಕ್ಷೆಯಲ್ಲಿ ಬಿ12 ಕೊರತೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಬಚ್ಚಲಲ್ಲಿ ಬಿದ್ದವಳು ಏಳಲಿಲ್ಲ. ಆಗ ನಾಗಶ್ರೀಗೆ ಹತ್ತೊಂಬತ್ತು.

'ನನಗಾಗಿ ಬಿಟ್ಟ ಹಾಲು ಆಯಿ ಅದು... ನನಗಾಗಿ!'

ಮೂರನೆಯ ತಿಂಗಳು. ಅಂಕೋಲೆಯ ಕಡಲ ತೀರದಲ್ಲಿ ಶಿವಾನಂದ ಮಗುವಿನಂತೆ ಓಡಿದ.

"ನೋಡಿ! ಓಡೂಕೆ ಬಂತು!"

ಒದ್ದೆ ಮರಳಿನಲ್ಲಿ ಅವನ ಕಾಲು ಜಾರಿತು.

"ಆಯೀ! ಬೀಳ್ತೀ, ನಿಲ್ಲೂ!" ನಾಗಶ್ರೀ ಕಿರುಚಿದಳು.

ಎದ್ದು ಬಂದವನು ಮರಳು ಕೊಡವಿಕೊಳ್ಳುತ್ತಾ ಕೇಳಿದ. "ಯಾರನ್ನ ಕರೆದ್ರಿ?"

ಅವಳು ಅಳುತ್ತಾ ಎಲ್ಲ ಹೇಳಿದಳು. ಅವನ ಮುಖ ಬಾಡಿತು.

"ಹಂಗಾರೆ ನೀವು ನನ್ನ ನೋಡೂಕೆ ಬರೂದಲ್ಲ... ನಿಮ್ಮ ಆಯಿನ್ನ ಬದುಕಿಸೂಕೆ ಬರೂದು. ನಾ ಗುಣ ಆದ್ಮೇಲೆ ಬರೂದಿಲ್ಲ. ಅಲ್ವಾ?"

ನಿಜವಿರಬಹುದೇ? ಅವಳಿಗೇ ಗೊತ್ತಿರಲಿಲ್ಲ!

ಆ ವಾರವೇ ಡಾಕ್ಟರು ರಿಕ್ಷಾ ಓಡಿಸಲು ಒಪ್ಪಿದರು. ಚಾವಿ ಒಯ್ಯಲು ಜಯಶ್ರೀ ಬಂದಳು, ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಸಹೋದ್ಯೋಗಿ ಮಂಗಲಾ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. "ನಿನ್ನ ಅಂಕೋಲೆಯವಂದು. ಅಲ್ಲೇ ರಕ್ತ ಕೊಟ್ಟಿದ್ದ, ಪರೀಕ್ಷೆಗೆ ನಮ್ಮಲ್ಲಿಗೆ ಕಳಿಸಿದ್ರು. ಎಲ್ಲಾ ನಾರ್ಮಲ್ ಮಾರಾಯ್ತಿ!"

ಮಂಗಲಾ ಊಟಕ್ಕೆ ಹೋದಳು. ನಾಗಶ್ರೀ ಆ ಅಂಕಿಗಳನ್ನೇ ನೋಡುತ್ತಾ ಕುಳಿತಳು. ಅವನು ಉಳಿದ. ಇನ್ನು ಹೆದರುವುದೇನೂ ಇಲ್ಲ...

ಆದರೆ ಎದೆ ಯಾಕೆ ಹೀಗೆ ಉರಿಯುತ್ತಿದೆ? ನೆನಪಾಗುತ್ತಿರುವುದು ಅವನ ಗಾಯದ ಪಾದವಲ್ಲ. ಚಹಾ ಕಸಿದಾಗ ಅವನು ಮಾಡುವ ಸಪ್ಪೆ ಮೋರೆ. ಸತ್ತ ಕರುವಿನ ಮಾತಾಡುವಾಗ ತಗ್ಗುವ ಅವನ ದನಿ.

ಸರ್... ಸರ್...

ಈ ಸಲ ಅವಳು ತಿರುಗಲಿಲ್ಲ.

"ಆಯಿ, ನಿನ್ನ ಉಳಿಸೂಕೆ ಆಗ್ಲಿಲ್ಲ. ಅವ ನೀನಲ್ಲ ಆಯಿ... ನಾ ಹೋಗ್ಲಾ?"

ಸದ್ದು ನಿಲ್ಲಲಿಲ್ಲ. ನಿಲ್ಲಲೆಂದು ಅವಳು ಕಾಯಲೂ ಇಲ್ಲ. ಕಾಗದ ಚೀಲಕ್ಕೆ ಸೇರಿಸಿ ಅಂಕೋಲೆ ಬಸ್ಸು ಹತ್ತಿದಳು.

ಶಿವಾನಂದ ಅಂಗಳದಲ್ಲಿ ರಿಕ್ಷಾ ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪು ಕೈಜಾರಿತು.

"ನಿಮ್ಮ ರಿಪೋರ್ಟು," ಎಂದಳು. "ನೀವು ಪೂರ್ತಿ ಗುಣ ಆಗಿದ್ರಿ. ವಾರದ ಗುಳಿಗೆ ತಪ್ಪಿಸ್ಬೇಡಿ, ಅಷ್ಟೇ. ಇನ್ನು ನಿಮ್ಮ ಹತ್ರ ನಂಗೆ ಎಂತಾ ಕೆಲಸಾನೂ ಇಲ್ಲ."

"ಗೊತ್ತು." ಅವನು ತಲೆ ತಗ್ಗಿಸಿದ. "ಇದನ್ನ ಫೋನಲ್ಲೇ ಹೇಳೂಕಾಗಿತ್ತು. ಬಂದದ್ದೆಂತಕ್ಕೆ?"

"ಕೆಲಸ ಇಲ್ದೇ ಬಂದೆ, ಶಿವಾನಂದ..." ಅವಳ ಕಣ್ಣು ತುಂಬಿತು. "ಸುಮ್ನೆ. ನಿಮ್ಮನ್ನ ನೋಡೂಕೆ."

ಪೈಪಿನ ನೀರು ಅಂಗಳವೆಲ್ಲ ಹರಿಯುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಎಷ್ಟೊತ್ತು ಇರ್ತ್ರಿ?" ಅವನು ಕೇಳಿದ.

"ನೀವು ಸಾಕು ಅನ್ನೂವರೆಗೆ."

"ನಾ ಅನ್ನೂದಿಲ್ಲ, ನಾಗಶ್ರೀ."