ಅವಳಿಗಾಗಿ ನಿಧಾನಿಸಿದ ತಾಳ

"ಸರ್, ಒಂದು ನಿಜ ಹೇಳಿಬಿಡ್ತೀನಿ. ಫಾರ್ಮಲ್ಲಿ ಇಪ್ಪತ್ತೆಂಟು ಅಂತ ಬರೆದಿದೀನಿ. ನನಗೆ ಮೂವತ್ತೆರಡು."

ಪಿಯಾನೋ ಮುಂದೆ ಕೂತಿದ್ದವನು ತಲೆಯೆತ್ತಿ ನೋಡಿದ. ನಾಟಕದ ಆಯ್ಕೆಗೆ ಬಂದು ಎದುರಿಗೆ ನಿಂತವಳ ಅಂಗಿಯ ಮೇಲೆ ಐವತ್ತೊಂದು ಅಂತ ಬರೆದ ಚೀಟಿ ಅಂಟಿತ್ತು. ಕುಣಿಯುವಾಗ ಬೀಳದಿರಲಿ ಅಂತ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು. ಬರಿಗಣ್ಣು ಕಿರಿದು ಮಾಡಿಕೊಂಡು ಅವನ ಮುಖವನ್ನೇ ಹುಡುಕುತ್ತಿದ್ದಳು.

"ಒಳ್ಳೇದು," ಎಂದ.

"ಅಂದ್ರೆ ಪರವಾಗಿಲ್ವಾ ಸರ್?"

"ನನಗೇನೋ ಪರವಾಗಿಲ್ಲ. ನಿರ್ದೇಶಕರಿಗೆ ಹೇಗೋ ಗೊತ್ತಿಲ್ಲ. ಅಗೋ, ಆ ಉದ್ದ ಮೇಜಿನ ಹಿಂದೆ ಕೂತಿದಾರಲ್ಲ, ಅವರು. ನಾನು ಪಿಯಾನೋ ನುಡಿಸೋನು."

ಅವಳು ಗಡಬಡಿಸಿ ಕನ್ನಡಕ ಹಾಕಿಕೊಂಡಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಮೇಜಿನ ಕಡೆ ನೋಡಿದಳು. ಕಿವಿಯ ತುದಿಯವರೆಗೂ ಕೆಂಪಾದಳು.

"ಹಾಗಿದ್ರೆ ನೀವು ಏನೂ ಕೇಳಿಸ್ಕೊಂಡಿಲ್ಲ."

"ಏನೂ ಇಲ್ಲ. ಇಪ್ಪತ್ತೆಂಟು ಅಂದ್ರಿ, ಅಷ್ಟೇ."

ಅವಳು ನಕ್ಕಳು. ಕನ್ನಡಕ ಮಡಚಿ ಪಿಯಾನೋದ ಮೇಲಿಟ್ಟು, "ನೋಡ್ಕೊಳ್ತಾ ಇರಿ" ಎಂದು ಹೇಳಿ ಹಾಲ್‌ನ ನಡುವೆ ಹೋಗಿ ನಿಂತಳು. ನಲವತ್ತು ವರ್ಷದ ಗಂಡಸು, ಶಾಲೆಯಲ್ಲಿ ಸಂಗೀತದ ಪಾಠ ಹೇಳುವವನು, ಆ ದಿನ ಮಿಕ್ಕ ಹನ್ನೆರಡು ಹುಡುಗಿಯರಿಗೆ ಏನು ನುಡಿಸಿದನೋ ಅವನಿಗೇ ಗೊತ್ತಿಲ್ಲ.

ನಾಟಕ ಒಂದು ದೊಡ್ಡ ಹೋಟೆಲಿನ ಲಿಫ್ಟ್ ನಡೆಸುವ ಹುಡುಗಿಯ ಕಥೆ. ಮಾತು ಕಡಿಮೆ, ಹಾಡು ಜಾಸ್ತಿ, ಹಾಡಿಗಿಂತ ಕುಣಿತ ಜಾಸ್ತಿ. ಕೊನೆಯಲ್ಲಿ ಲಿಫ್ಟ್ ಕೈಕೊಡುತ್ತದೆ, ಹುಡುಗಿ ಮೆಟ್ಟಿಲು ಹತ್ತುತ್ತಾಳೆ. ಈ ಮೆಟ್ಟಿಲ ಕುಣಿತವೇ ನಾಟಕದ ಜೀವ. ಏಳು ನಿಮಿಷ. ಕೊನೆಯ ಒಂದು ನಿಮಿಷದಲ್ಲಿ ಹನ್ನೊಂದು ಸುತ್ತು ಗಿರಗಿರನೆ ತಿರುಗಿ, ಅದೇ ಉಸಿರಿನಲ್ಲಿ ಓಡಿ, ಚಕ್ರದ ಮೇಲೆ ಉರುಳಿಬರುವ ಹನ್ನೆರಡು ಮೆಟ್ಟಿಲು ಹತ್ತಬೇಕು.

ಆ ಪಾತ್ರ ಐವತ್ತೊಂದನೇ ನಂಬರಿಗೆ ಸಿಕ್ಕಿತು. ಹತ್ತು ವರ್ಷದಿಂದ ಅವಳು ಗುಂಪಿನಲ್ಲಿ, ಮೂರನೇ ಸಾಲಿನಲ್ಲಿ ಕುಣಿದವಳು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ. ಈ ಸಲ ಸಿಗದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೇನಾದರೂ ಆದರೆ ಇರಲಿ ಅಂತ ಇಪ್ಪತ್ತೆರಡರ ಇನ್ನೊಬ್ಬ ಹುಡುಗಿಯನ್ನೂ ಆರಿಸಿದರು. ಎಲ್ಲರೂ ಅವಳನ್ನು 'ಬದಲಿ' ಅಂತಲೇ ಕರೆಯುತ್ತಿದ್ದರು. ಬದಲಿ ಹುಡುಗಿಗೆ ಪಿಯಾನೋ ಎಲ್ಲಿಂದ ಬರಬೇಕು? ಅವಳು ಪಕ್ಕದ ಕೋಣೆಯಲ್ಲಿ, ಸ್ವರದ ಹಾಳೆಯಲ್ಲಿ ಬರೆದ ವೇಗದಲ್ಲೇ ಓಡುವ ರೆಕಾರ್ಡಿಂಗ್ ಹಾಕಿಕೊಂಡು ಒಬ್ಬಳೇ ಕಲಿಯುತ್ತಿದ್ದಳು.

ಆರು ವಾರದ ರಿಹರ್ಸಲ್. ಬೆಳಿಗ್ಗೆ ಏಳಕ್ಕೆ ಶುರು, ಹತ್ತಕ್ಕೆ ಮುಕ್ತಾಯ. ಕುಣಿತ ಕಲಿಸುವ ಮೇಡಂ ಒಂದರಿಂದ ಎಂಟರವರೆಗೆ ಎಣಿಸುತ್ತಲೇ ಹುಟ್ಟಿದವರು. ಬೈಯುವುದನ್ನೂ ಎಣಿಕೆಯಲ್ಲೇ ಬೈಯುತ್ತಿದ್ದರು. "ಐದು, ಆರು, ಆ ಕೈ ಯಾರಪ್ಪಂದು, ಏಳು, ಎಂಟು!"

ಪಿಯಾನೋದವನು ಆರೂವರೆಗೇ ಬಂದು ಕೂರುತ್ತಿದ್ದ. ಆರೂ ಮುಕ್ಕಾಲಿಗೆ ಅವಳು ಬರುತ್ತಿದ್ದಳು, ಕನ್ನಡಕ ತೆಗೆದು ಅವನ ಮುಂದೆ ಇಡುತ್ತಿದ್ದಳು.

"ಇವತ್ತು ಎಷ್ಟು ಜನಕ್ಕೆ ಕಣ್ಣು ಕೊಟ್ರಿ?" ಎಂದು ಅವನು ಕೇಳುತ್ತಿದ್ದ.

"ಅಂಗಡಿ ಇನ್ನೂ ತೆಗೆದೇ ಇಲ್ಲ ಮೇಷ್ಟ್ರೇ. ನೀವೂ ಒಂದ್ಸಲ ಬನ್ನಿ, ಪರೀಕ್ಷೆ ಮಾಡ್ತೀನಿ. ಸ್ವರದ ಹಾಳೆ ನೋಡೋ ಬದಲು ಎಲ್ಲೆಲ್ಲೋ ನೋಡ್ತಿರ್ತೀರಿ."

"ಎಲ್ಲೆಲ್ಲೋ ಏನಿಲ್ಲ. ಒಂದೇ ಕಡೆ."

ಅವಳು ಶೂ ದಾರ ಬಿಗಿಯುತ್ತಿದ್ದವಳು ತಲೆಯೆತ್ತಲಿಲ್ಲ. ಆದರೆ ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಅವನ ಅಕ್ಕ ಅದೇ ರಂಗಮಂದಿರದಲ್ಲಿ ಬಟ್ಟೆ ಹೊಲಿಯುವವಳು. ಮನೆಯಲ್ಲಿ ಇಬ್ಬರೇ. ಅಕ್ಕನ ಕಣ್ಣಿಗೆ ಬೀಳದ್ದು ಏನೂ ಇಲ್ಲ. "ಅವಳ ಅಳತೆ ತಗೋವಾಗ ನೋಡ್ದೆ ಕಣೋ, ನಿನ್ನ ಸುದ್ದಿ ಎತ್ತಿದ್ರೆ ಸಾಕು, ಹುಡುಗಿ ನೆಟ್ಟಗೆ ನಿಲ್ಲಲ್ಲ. ಹೇಳಿಬಿಡೋ. ಇನ್ನೇನು ತಲೆ ನರೆತ ಮೇಲೆ ಹೇಳ್ತೀಯಾ?"

"ಮೊದಲ ಪ್ರದರ್ಶನ ಆಗ್ಲಿ ಅಕ್ಕ. ಈಗ ಅವಳ ತಲೇಲಿ ಬರೀ ಮೆಟ್ಟಿಲಿದೆ."

ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಅವಳು ಕೊನೆಯ ನಿಮಿಷದಲ್ಲಿ ನಾಲ್ಕು ಸಲ ಎಡವಿದಳು. ಎಲ್ಲರೂ ಹೋದ ಮೇಲೆ ಗೋಡೆಗೊರಗಿ ಕೂತು ಏದುಸಿರು ಬಿಡುತ್ತಿದ್ದಳು. ಅವನು ನೀರಿನ ಬಾಟಲಿ ತಂದುಕೊಟ್ಟ.

"ನನ್ನ ಕೈಲಿ ಆಗಲ್ಲ ಅನ್ಸುತ್ತೆ," ಎಂದಳು. "ಯಾರಿಗೂ ಹೇಳ್ಬೇಡಿ."

ನಮ್ಮ ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಕೊನೆಯ ನಿಮಿಷ ಬಂದಾಗ ತಾಳವನ್ನು ಒಂದು ಕೂದಲೆಳೆಯಷ್ಟು ನಿಧಾನ ಮಾಡಿದ.

ಅಷ್ಟೇ. ಯಾರಿಗೂ ತಿಳಿಯುವಂಥದ್ದಲ್ಲ. ಅವಳು ಹನ್ನೊಂದು ಸುತ್ತೂ ತಿರುಗಿ, ಓಡಿ, ನೆಲದ ಮೇಲೆ ಟೇಪಿನಲ್ಲಿ ಗುರುತು ಮಾಡಿದ್ದ ಮೆಟ್ಟಿಲುಗಳನ್ನು ದಾಟಿ ನಿಂತಳು. ಮೊದಲ ಸಲ ಪೂರ್ತಿಯಾಗಿತ್ತು. ಗುಂಪೆಲ್ಲ ಚಪ್ಪಾಳೆ ಹೊಡೆಯಿತು. ಅವಳು ಮಾತ್ರ ತಿರುಗಿ ಅವನನ್ನು ನೋಡಿದಳು. ಕನ್ನಡಕವಿಲ್ಲದ ಆ ಕಣ್ಣಿಗೆ ಅವನು ಕಾಣುವುದೇ ಇಲ್ಲ ಅಂತ ಅವನಿಗೂ ಗೊತ್ತು. ಆದರೂ ಅವನಿದ್ದ ಕಡೆಗೇ ನೋಡಿ, ಬೆವರಿದ ಮುಖದ ತುಂಬ ನಕ್ಕಳು. ಆ ನಗುವಿಗೆ ಅವನು ಮಾರುಹೋದ. ಮಾರನೆಯ ದಿನ ಇನ್ನೊಂದು ಕೂದಲೆಳೆ ನಿಧಾನಿಸಿದ.

ವೇಗ ತೋರಿಸಲು ಪಿಯಾನೋದ ಮೇಲೆ ಮಿನುಗುವ ಸಣ್ಣ ದೀಪದ ಯಂತ್ರವೊಂದಿತ್ತು. ಕಣ್ಣಿಗೆ ಚುಚ್ಚುತ್ತದೆ ಅಂತ ನೆಪ ಹೇಳಿ ಅದನ್ನು ಮುಖ ತಿರುಗಿಸಿಟ್ಟ. ಮೇಡಂ ಒಂದೆರಡು ಸಲ "ಯಾಕೋ ಎಳೀತಿದೆ" ಎಂದು ಗೊಣಗಿ, ಗುಂಪಿನವರನ್ನೇ ಬೈದರು. ಅವರು ಪಾಪ, ಬೈಸಿಕೊಂಡರು.

ಆ ದಿನಗಳಲ್ಲಿ ಅವಳು ಬೇರೆಯೇ ಆಗಿದ್ದಳು. ಬರುವಾಗಲೇ ಏನಾದರೂ ಗುನುಗುತ್ತ ಬರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಅವನ ಪಕ್ಕ ಬೆಂಚಿನ ತುದಿಯಲ್ಲಿ ಕೂತು, "ಮೇಷ್ಟ್ರೇ, ಮೊದಲ ಪ್ರದರ್ಶನ ಮುಗಿದ ಮೇಲೆ ನನಗೊಂದು ಮಾತು ಹೇಳೋದಿದೆ" ಎಂದಳು.

"ನನಗೂ ಒಂದು ಹೇಳೋದಿದೆ."

"ಮೊದಲು ನಾನು."

"ಸರಿ, ಮೊದಲು ನೀವು."

ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ಅವನ ಬದುಕಿನಲ್ಲಿ ಅಷ್ಟು ಸುಖದ ಐದು ನಿಮಿಷ ಇನ್ನೊಂದಿಲ್ಲ.

ಪ್ರದರ್ಶನಕ್ಕೆ ಐದು ದಿನ ಇರುವಾಗ, ಗುರುವಾರ, ರಂಗದ ಮೇಲೆ ಬ್ಯಾಂಡ್ ಬಂತು. ಡ್ರಮ್, ಕಹಳೆ, ಹದಿನಾಲ್ಕು ಜನ. ಬ್ಯಾಂಡಿನ ಮುಖ್ಯಸ್ಥ ಕಿವಿಗೆ ತಾಳ ಬಡಿಯುವ ಹೆಡ್‌ಫೋನ್ ಹಾಕಿಕೊಂಡು, ಬರೆದ ವೇಗವನ್ನು ಬರೆದ ಹಾಗೇ ಹಿಡಿಯುವ ಮನುಷ್ಯ. ಪಿಯಾನೋದವನು ಅವರ ನಡುವೆ ಹದಿನೈದನೆಯವನು. ಡ್ರಮ್ಮಿನ ಮುಂದೆ ಅವನ ಪಿಯಾನೋ ಯಾರನ್ನೂ ನಿಧಾನಿಸುವಂತಿರಲಿಲ್ಲ.

ಮೆಟ್ಟಿಲ ಕುಣಿತದ ಕೊನೆಯ ನಿಮಿಷ ಬಂತು. ಅವಳು ಐದನೇ ಸುತ್ತಿಗೇ ಅರ್ಧ ಹೆಜ್ಜೆ ಹಿಂದೆ ಬಿದ್ದಳು, ಒಂಬತ್ತಕ್ಕೆ ಒಂದು ಹೆಜ್ಜೆ. ಓಡಿ ಬರುವಷ್ಟರಲ್ಲಿ ಮೆಟ್ಟಿಲು ಉರುಳಿ ಮುಂದೆ ಹೋಗಿತ್ತು. ಮೊಣಕಾಲೂರಿ ಬಿದ್ದಳು. ಎದ್ದು, ಏನಾಯಿತು ಅಂತ ಅರ್ಥವಾಗದೆ ತನ್ನ ಕಾಲುಗಳನ್ನೇ ನೋಡಿಕೊಂಡಳು.

ಎರಡನೇ ಸಲವೂ ಹಾಗೇ. ಮೂರನೇ ಸಲವೂ. ಆಗ ಮೇಡಂ ಬದಲಿಯನ್ನು ಕರೆದರು. ರೆಕಾರ್ಡಿಂಗಿಗೆ ಕುಣಿದು ಕಲಿತಿದ್ದ ಆ ಹುಡುಗಿ ಒಂದೇ ಸಲಕ್ಕೆ ಸರಸರನೆ ಹತ್ತಿ ಮೇಲೆ ನಿಂತಳು.

ನಿರ್ದೇಶಕರು ಒಳ್ಳೆಯ ಮನುಷ್ಯ. ರಂಗದ ಮೇಲೆ ಬಂದು ಮೆಲ್ಲಗೆ ಹೇಳಿದರು. "ಉಸಿರು ಸಾಲ್ತಿಲ್ಲಮ್ಮ. ನಿನ್ನ ತಪ್ಪಲ್ಲ. ವಯಸ್ಸು ನಾವು ಹೇಳಿದ ಹಾಗೆ ಕೇಳಲ್ಲ."

"ಎರಡು ದಿನ ಕೊಡಿ ಸರ್. ಮೂರು ವಾರದಿಂದ ಒಂದು ಸಲಾನೂ ತಪ್ಪಿಲ್ಲ. ಬೇಕಾದ್ರೆ ಮೇಷ್ಟ್ರನ್ನ ಕೇಳಿ." ಅವಳು ಅವನಿದ್ದ ಕಡೆ ತಿರುಗಿದಳು. "ಹೇಳಿ ಮೇಷ್ಟ್ರೇ. ಒಂದು ಸಲಾನಾದ್ರೂ ತಪ್ಪಿದೀನಾ?"

ಇಡೀ ರಂಗಮಂದಿರ ಅವನನ್ನು ನೋಡುತ್ತಿತ್ತು. ಒಂದೇ ಒಂದು ಮಾತು ಸಾಕಿತ್ತು. ತಪ್ಪು ನನ್ನದು, ನಾನೇ ನಿಧಾನ ನುಡಿಸಿದೆ. ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಅವಳು ಇನ್ನು ಯಾವತ್ತೂ ಹಾಗೆ ತನ್ನ ಕಡೆ ತಿರುಗಿ ನಗುವುದಿಲ್ಲ ಅನ್ನಿಸಿತು.

"ತಪ್ಪಿಲ್ಲ," ಎಂದ. ಅಷ್ಟೇ ಹೇಳಿದ.

"ರಿಹರ್ಸಲ್‌ನಲ್ಲಿ ಎಲ್ಲರೂ ಮಾಡ್ತಾರಮ್ಮ," ಎಂದರು ನಿರ್ದೇಶಕರು.

ಅವತ್ತು ಮಧ್ಯಾಹ್ನ ಅಕ್ಕ ಲಿಫ್ಟ್ ಹುಡುಗಿಯ ಹಳದಿ ಗೌನು ಬಿಚ್ಚಿ, ಬದಲಿಯ ಅಳತೆಗೆ ಸೊಂಟದಲ್ಲಿ ಎರಡು ಬೆರಳು ಒಳಗೆ ಹಿಡಿಯುತ್ತಿದ್ದಳು. ಅವನು ಎದುರು ಕೂತು ಎಲ್ಲ ಹೇಳಿದ. ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ.

"ನನ್ನ ಮುಂದೆ ಯಾಕೋ ಒಪ್ಪಿಸ್ತಿದೀಯಾ? ನಾನು ಬರೀ ಬಟ್ಟೆ ಹೊಲಿಯೋಳು. ಹೋಗು, ಹೇಳಬೇಕಾದವರಿಗೆ ಹೇಳು."

ಅವನು ಹೋಗಬೇಕು ಅಂದುಕೊಂಡ. ಶುಕ್ರವಾರ ಅಂದುಕೊಂಡ, ಶನಿವಾರವೂ ಅಂದುಕೊಂಡ. ಭಾನುವಾರ ಬೆಳಿಗ್ಗೆ ನಿರ್ದೇಶಕರ ಮನೆಗೆ ಹೋಗಿ ಹೇಳಿದ. ಅಲ್ಲಿಂದ ನೇರ ರಿಹರ್ಸಲ್ ಹಾಲಿಗೆ ಬಂದ. ಅವಳು ಕಪಾಟಿನಿಂದ ತನ್ನ ಸಾಮಾನು ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ಮುಖ್ಯ ಪಾತ್ರದವರಿಗೆ ಬೇರೆ ಕಪಾಟು, ಗುಂಪಿನವರಿಗೆ ಬೇರೆ.

ನಿಂತಲ್ಲೇ ನಿಂತು ಹೇಳಿದ. ಕೂದಲೆಳೆಯ ಲೆಕ್ಕದಿಂದ ಹಿಡಿದು ಎಲ್ಲವನ್ನೂ. ಅವಳು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಟವೆಲ್ಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನಿರ್ದೇಶಕರಿಗೆ ಹೇಳಿದ್ರಾ?"

"ಈಗಷ್ಟೇ. ಗುರುವಾರವೇ ಹೇಳಿದ್ರೆ ಎರಡು ದಿನ ಕೊಡ್ತಿದ್ದೆ ಅಂದ್ರು. ಈಗ ದೀಪ, ಬಟ್ಟೆ, ಎಲ್ಲಾ ಆ ಹುಡುಗಿಗೆ ಹೊಂದಿಸಿಬಿಟ್ಟಿದಾರೆ. ಬೇಕಾದಷ್ಟು ಬೈದ್ರು."

"ಗುರುವಾರ ನಾನು ನಿಮ್ಮನ್ನೇ ಕೇಳಿದ್ದೆ."

ಅವಳು ಟವೆಲ್ಲನ್ನು ಚೀಲಕ್ಕೆ ತುರುಕಿದಳು.

"ಯಾಕೆ ಮಾಡಿದ್ರಿ?"

"ನೀವು ಅಂದ್ರೆ ನನಗೆ ಪ್ರಾಣ," ಎಂದ. ಎಷ್ಟೋ ದಿನದಿಂದ ಬಾಯಿಪಾಠ ಮಾಡಿದ್ದ ಚಂದದ ಮಾತುಗಳೆಲ್ಲ ಎಲ್ಲಿ ಹೋದವೋ. "ನೀವು ಎಡವೋದನ್ನ ನೋಡೋಕೆ ಆಗ್ಲಿಲ್ಲ."

ಅವಳು ಬೆಂಚಿನ ಮೇಲೆ ಕೂತಳು. ಕಣ್ಣು ತುಂಬಿತ್ತು, ಆದರೆ ದನಿ ನಡುಗಲಿಲ್ಲ.

"ನನಗೂ ಹಾಗೇ ಇತ್ತು ಮೇಷ್ಟ್ರೇ. ನಾನು ಹೇಳ್ಬೇಕು ಅಂತಿದ್ದಿದ್ದು ಅದೇ. ಆ ಮೂರು ವಾರ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ನನ್ನ ಕೈಲಾಯ್ತು, ನೀವು ನೋಡ್ತಿದೀರಿ ಅಂತ. ಈಗ ನೋಡಿದ್ರೆ ಅದರಲ್ಲಿ ನಂದು ಎಷ್ಟು, ನಿಮ್ದು ಎಷ್ಟು ಅಂತಾನೇ ಗೊತ್ತಾಗ್ತಿಲ್ಲ. ಉಸಿರು ಸಾಲದು ಅಂತ ನಿರ್ದೇಶಕರು ನನ್ನ ಮುಖಕ್ಕೇ ಹೇಳಿದ್ರು. ನೀವು ಅದನ್ನೇ ನನಗೆ ಗೊತ್ತಾಗದ ಹಾಗೆ ಹೇಳಿದ್ರಿ."

"ಹಾಗಲ್ಲ..."

"ಹಾಗೇ. ಆಗಲ್ಲ ಅನ್ಸುತ್ತೆ ಅಂದಿದ್ದು ನಾನು. ಹೌದು ಅಂತ ನಂಬಿದ್ದು ನೀವು."

ಆಮೇಲೆ ಅವಳು ಚೀಲದಿಂದ ಶೂ ತೆಗೆದು ಹಾಕಿಕೊಂಡಳು.

"ನುಡಿಸಿ," ಎಂದಳು. "ಕೊನೆ ನಿಮಿಷ. ಬರೆದಿರೋ ವೇಗದಲ್ಲಿ. ನಾನು ಬಿದ್ರೂ ನಿಲ್ಲಿಸ್ಬಾರದು."

ಅವನು ಯಂತ್ರದ ದೀಪವನ್ನು ತನ್ನ ಕಡೆ ತಿರುಗಿಸಿಕೊಂಡು ನುಡಿಸಿದ. ಅವಳು ಆರನೇ ಸುತ್ತಿಗೆ ತಪ್ಪಿದಳು. ಅವನ ಬೆರಳುಗಳು ತಾವಾಗಿಯೇ ನಿಧಾನಿಸಲು ನೋಡಿದವು. ಹಲ್ಲು ಕಚ್ಚಿ ನುಡಿಸಿದ. ಎರಡನೇ ಸಲ ಎಂಟನೇ ಸುತ್ತು. ಮೂರನೇ ಸಲ ಬಿದ್ದು ಅಂಗೈ ತರಚಿತು, ಅಂಗೈಯನ್ನು ಸೊಂಟಕ್ಕೆ ಒರೆಸಿಕೊಂಡು "ಮತ್ತೆ" ಎಂದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆರನೇ ಸಲ ಸುತ್ತುಗಳೆಲ್ಲ ಮುಗಿದವು, ಓಟ ತಪ್ಪಿತು. "ಮತ್ತೆ." ಏಳು. ಎಂಟು.

ಆಮೇಲಿನ ಸಲ ಅವಳು ಎಲ್ಲವನ್ನೂ ತಿರುಗಿ, ಓಡಿ, ಟೇಪಿನ ಹನ್ನೆರಡು ಗೆರೆ ದಾಟಿ, ಅವನ ಕೊನೆಯ ಸ್ವರದ ಜೊತೆಗೇ ಕೈ ಮೇಲೆತ್ತಿ ನಿಂತಳು. ಎದೆ ಬಡಿದುಕೊಳ್ಳುತ್ತಿತ್ತು. ಉಸಿರು ಸಾಕಷ್ಟಿತ್ತು.

"ಎಷ್ಟನೇದು ಇದು?" ಎಂದು ಕೇಳಿದಳು.

"ಒಂಬತ್ತು."

"ಒಂಬತ್ತು," ಎಂದಳು. "ಎಂಟು ಸಲ ಬೀಳೋಕೆ ಬಿಟ್ಟಿದ್ರೆ ಆಗಿಹೋಗ್ತಿತ್ತು."

ಅವನು ಪಿಯಾನೋದ ಮೇಲೆ ತಲೆಯಿಟ್ಟುಬಿಟ್ಟ. ಅವಳು ಹತ್ತಿರ ಬಂದಳು. ಅವನ ಕೂದಲ ಮೇಲೆ ಒಂದು ಕ್ಷಣ ಕೈ ಇಟ್ಟಳು. ತರಚಿದ ಅಂಗೈ ಬಿಸಿಯಾಗಿತ್ತು.

"ಮಂಗಳವಾರ ನಾನು ಮೂರನೇ ಸಾಲಲ್ಲಿ ಇರ್ತೀನಿ," ಎಂದಳು. "ನನ್ನ ಕಡೆ ನೋಡ್ಬೇಡಿ."

ಇಪ್ಪತ್ತೆರಡು ಪ್ರದರ್ಶನ ನಡೆದವು. ಬದಲಿ ಹುಡುಗಿಗೆ ಒಳ್ಳೆಯ ಹೆಸರು ಬಂತು, ಬರಬೇಕಾದ್ದೇ. ಅವನು ಒಂದು ದಿನವೂ ಮೂರನೇ ಸಾಲಿನ ಕಡೆ ನೋಡಲಿಲ್ಲ. ಆದರೆ ಆ ಸಾಲಿನ ಹೆಜ್ಜೆಸಪ್ಪಳದಲ್ಲಿ ಅವಳದ್ಯಾವುದು ಅಂತ ಪ್ರತಿ ದಿನ ಅವನಿಗೆ ಗೊತ್ತಾಗುತ್ತಿತ್ತು.

ವರ್ಷ ತುಂಬುವಷ್ಟರಲ್ಲಿ ಅವಳು ಬೇರೊಂದು ತಂಡ ಸೇರಿದಳು. ಸುದ್ದಿ ತಂದವಳು ಅಕ್ಕ.

"ಮುಖ್ಯ ಪಾತ್ರವಂತೆ ಕಣೋ. ಅದೂ ನಮ್ಮದಕ್ಕಿಂತ ಕಷ್ಟದ ಕುಣಿತವಂತೆ."

ಅವನಿಗೆ ನಿಜವಾಗಲೂ ಸಂತೋಷವಾಯಿತು. ತಟ್ಟೆಯಲ್ಲಿದ್ದದ್ದನ್ನು ಕಲಸುತ್ತ ಸ್ವಲ್ಪ ಹೊತ್ತು ಕೂತ. ಆಮೇಲೆ ಕೇಳದೆ ಇರಲಾಗಲಿಲ್ಲ.

"ರಿಹರ್ಸಲ್‌ಗೆ ಪಿಯಾನೋ ಯಾರಂತೆ?"

ಅಕ್ಕ ತಮ್ಮನ ಮುಖ ನೋಡದೆ, ಬಡಿಸುವ ನೆಪದಲ್ಲಿ ಎದ್ದಳು.

"ಯಾರೂ ಇಲ್ವಂತೆ. ರೆಕಾರ್ಡಿಂಗ್‌ಗೆ ಕುಣೀತಾಳಂತೆ. ಅವಳೇ ಹಾಗೆ ಬೇಕು ಅಂದಳಂತೆ."