ನೀಲಿ ಟೀ ಶರ್ಟುಗಳ ನಡುವೆ

“ಕರೆಯೂದಿಲ್ಲ. ತಾನೇ ನೋಡ್ಲಿ,” ಎಂದು ಗೊಣಗಿ ಸಂಪದಾ ಕಂಬದ ಪಕ್ಕ ಕೈಕಟ್ಟಿ ನಿಂತಳು.

ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ, ಹತ್ತೇ ಹೆಜ್ಜೆ ಆಚೆ, ಅವಳ ಅಜ್ಜಿ ವಿಮಲಾಬಾಯಿ ಚೀಲ ಹಿಡಿದು ಕೂತಿದ್ದರು. ನೀರು ಕುಡಿದು ಬಂದ ಸಂಪದಾ ಎರಡು ಸಲ ಕೈ ಬೀಸಿದ್ದಳು. ಅಜ್ಜಿಯ ಕಣ್ಣು ಅವಳನ್ನು ಹಾದು ಮುಂದೆ ಹೋಗಿತ್ತು.

ಬೆಳಿಗ್ಗೆಯೂ ಹೀಗೇ. ಖೋ-ಖೋ ಫೈನಲ್‌ನಲ್ಲಿ ಕಂಬ ಸುತ್ತಿ ಕೊನೆಯ ಹುಡುಗಿಯ ಬೆನ್ನು ಮುಟ್ಟಿ ಔಟ್ ಮಾಡಿದವಳು ಸಂಪದಾ. ಅದನ್ನು ನೋಡಲೆಂದೇ ಅಜ್ಜಿ ಕಮತಗಿಯಿಂದ ಬಂದಿದ್ದರು. ಆದರೆ ಚಪ್ಪಾಳೆ ತಟ್ಟಿದ್ದು ಬೇರೆ ಯಾರಿಗೋ.

“ಒಬ್ಬಾಕಿ ಏಳ್ತಾಳ, ಒಬ್ಬಾಕಿ ಕೂಡ್ತಾಳ, ಮೂರು ಮಂದಿ ಓಡ್ತಾರ,” ಅಂದಿದ್ದರು ಅಜ್ಜಿ. “ನೀ ಯಾವಾಕಿ ಅಂತ ಗೊತ್ತಾಗೂದ್ರಾಗ ಆಟ ಮುಗೀತು.”

“ಸುಳ್ಳ ಹೇಳಬ್ಯಾಡ,” ಅಂದಿದ್ದಳು ಸಂಪದಾ. “ನಿನ್ನ ಕಣ್ಣು ಫಸ್ಟ್ ಕ್ಲಾಸ್ ಅದಾವ ಅಂತ ಡಾಕ್ಟರ್ ಹೇಳ್ಯಾರ.”

ಹೋದ ವಾರ ಅಜ್ಜಿಯ ಜೊತೆ ಸಂಪದಾನೂ ಕಣ್ಣಿನ ದವಾಖಾನೆಗೆ ಹೋಗಿದ್ದಳು. ಇರುವೆಯಂಥ ಅಕ್ಷರದ ಕೊನೆಯ ಸಾಲನ್ನೂ ಅಜ್ಜಿ ಪಟಪಟ ಓದಿದ್ದರು. ಟೀಚರ್ ಆಗಿದ್ದಾಗ ಹಿಂದಿನ ಬೆಂಚಿನ ಕಾಪಿ ಚೀಟಿಯನ್ನು ಬೋರ್ಡಿನ ಹತ್ತಿರ ನಿಂತೇ ಹಿಡಿಯುತ್ತಿದ್ದರಂತೆ. ಅಂಥವರಿಗೆ ಮೊಮ್ಮಗಳು ಕಾಣುವುದಿಲ್ಲವೇ?

ಕಮತಗಿ ಮೇಲೆ ಹೋಗುವ ಬಾಗಲಕೋಟೆ ಬಸ್ಸು ಬಂತು.

“ಹತ್ರಿ ಅಮ್ಮಾರ, ಲಗೂನ,” ಅಂದ ಕಂಡಕ್ಟರ್.

“ನನ್ನ ಮೊಮ್ಮಗಳು ಬಂದಿಲ್ಲ.”

“ಒಳಗ ಹತ್ತಿರಬೇಕ್ರಿ.”

“ನನ್ನ ಬಿಟ್ಟು ಹತ್ತೂದಿಲ್ಲ ಅಕಿ.”

ಬಸ್ಸು ಹೊರಟೇ ಹೋಯಿತು. ಹೋಗಲಿ ಎಂದು ಸಂಪದಾ ಹಲ್ಲು ಕಚ್ಚಿದಳು.

ಅಜ್ಜಿ ಎದ್ದರು. ಸುತ್ತಲೂ ಪಂದ್ಯಕ್ಕೆ ಬಂದ ಮಕ್ಕಳು, ಎಲ್ಲರದೂ ಸಂಪದಾಳಂಥದೇ, ಪಂದ್ಯದಲ್ಲಿ ಕೊಟ್ಟ ನೀಲಿ ಟೀ ಶರ್ಟು. ಮುಟ್ಟಾಟ ಆಡುತ್ತ ಓಡುತ್ತಿದ್ದರು. ಅಜ್ಜಿ ಒಂದು ಹೆಗಲು ಹಿಡಿದರು. “ಸಂಪೀ?”

“ಅಜ್ಜೀ, ನಾ ಹುಡುಗ ಇದ್ದೇನ್ರಿ,” ಅಂದ ಅವನು. ಉಳಿದವರು ಹೋ ಎಂದು ನಕ್ಕರು. ಒಬ್ಬ ಬೇಕೆಂದೇ ಮುಂದೆ ಬಂದು, “ನಾನೇ ಸಂಪಿ,” ಎಂದು ಹಲ್ಲು ಕಿರಿದ.

ಸಂಪದಾಳ ಮುಖ ಬಿಸಿಯಾಯಿತು. ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು. ಆದರೆ ಅವಳ ಕಾಲು ಕಂಬದ ಹತ್ತಿರವೇ ನಿಂತಿತ್ತು.

ಬಾಳೆಹಣ್ಣು ಮಾರುವ ಅಬೇದಾ ಬುಟ್ಟಿ ಇಳಿಸಿ ಬಂದಳು. “ನಕ್ಕಿದ್ದು ಸಾಕು. ಎಲ್ಲಾರೂ ಕಟ್ಟಿ ಮ್ಯಾಲೆ ಸಾಲಾಗಿ ಕುಂದರ್ರಿ. ಹಿಂಗ ಓಡ್ಯಾಡಿದ್ರ ಅಜ್ಜಿ ಹೆಂಗ ಹುಡುಕಬೇಕು?”

ಮಕ್ಕಳು ಕೂತರು. ಅಬೇದಾ ಅಜ್ಜಿಯ ಎದುರಿಗೆ ಸುತ್ತಿ ಬಂದು ಮೆಲ್ಲಗೆ ಹೇಳಿದಳು: “ಈ ತುದಿಯಿಂದ ನೋಡ್ರಿ ಅಮ್ಮಾ. ಒಂದೊಂದ ಮಾರಿ. ಅವಸರ ಇಲ್ಲ.”

ಆ ದಿನ ದವಾಖಾನೆಯಲ್ಲಿ ಡಾಕ್ಟರ್ ಇನ್ನೂ ಏನೋ ಹೇಳಿದ್ದರು. ಸಂಪದಾ ತಿರುಗುವ ಸ್ಟೂಲಿನ ಮೇಲೆ ಗರಗರ ಸುತ್ತುತ್ತಿದ್ದಳು. ಈಗ ಅದು ನೆನಪಾಯಿತು: “ಕಣ್ಣಿಗೆ ಏನೂ ಆಗಿಲ್ಲ. ವಯಸ್ಸಾದಮ್ಯಾಲೆ ಗದ್ದಲದಾಗ ಒಂದನ್ನ ಹುಡುಕಲಿಕ್ಕೆ ಟೈಮ್ ಹಿಡೀತದ. ರೋಗ ಅಲ್ಲದು.”

ಅಜ್ಜಿ ಮೊದಲನೇ ಮುಖ ನೋಡಿದರು. ಎರಡನೆಯದು. ಮೂರನೆಯದು. ಯಾರನ್ನೂ ಬಿಡಲಿಲ್ಲ.

ಸಂಪದಾ ಸದ್ದಿಲ್ಲದೆ ಬಂದು ಸಾಲಿನ ಕೊನೆಗೆ ಕೂತಳು. ಕೈ ಬೀಸಲಿಲ್ಲ. ಅಲುಗಾಡಲಿಲ್ಲ.

ಅಜ್ಜಿಯ ಕಣ್ಣು ಬಂದು ಅವಳ ಮೇಲೆ ನಿಂತಿತು.

“ಎಲ್ಲಿದ್ದಿ?”

“ಇಲ್ಲೇ, ಕಂಬದ ಹತ್ರ. ಸಿಟ್ಟು ಬಂದಿತ್ತು.”

“ನನಗೀಗ ಬಂತು ನೋಡು,” ಎಂದು ಅಜ್ಜಿ ಅವಳ ಕಿವಿ ಹಿಡಿದರು. ಎಷ್ಟೋ ಹೊತ್ತು ಬಿಡಲಿಲ್ಲ. ಸಂಪದಾನೂ ಬಿಡಿಸಿಕೊಳ್ಳಲಿಲ್ಲ.

ಬೇರೆ ಬಸ್ಸು ಬಂದು ನೀಲಿ ಟೀ ಶರ್ಟುಗಳನ್ನೆಲ್ಲ ತುಂಬಿಕೊಂಡು ಹೋಯಿತು. ಜಾಗ ಖಾಲಿಯಾಯಿತು. ಸಂಪದಾ ಬೂಟಿನ ಲೇಸು ಬಿಗಿದಳು.

“ಅಜ್ಜೀ, ಈಗ ನೋಡು. ನಾ ಒಬ್ಬಾಕಿನೇ ಓಡ್ತೇನಿ.”

ಅವಳು ಓಡಿದಳು. ಕಂಬ ಹಿಡಿದು ಗರ್ರನೆ ತಿರುಗಿ, ಕೈ ಚಾಚಿ, ಅಲ್ಲಿ ಇಲ್ಲದ ಹುಡುಗಿಯ ಬೆನ್ನು ಮುಟ್ಟಿದಳು.

ಅಜ್ಜಿಯ ಚಪ್ಪಾಳೆ ಸರಿಯಾಗಿ ಆಗಲೇ ಬಿತ್ತು.